ಒಂದೇ ಚಾನೆಲ್, ನೂರಾರು ರಿಸೀವರ್: ನಿಸ್ತಂತು ಪ್ರಸಾರಕ್ಕೆ ಸರದಿ ಪಟ್ಟಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಒಂದು ಟ್ರಾನ್ಸ್‌ಮಿಟರ್ ಇಟ್ಟು ಊರಿನ ಎಲ್ಲ ರಿಸೀವರ್‌ಗಳಿಗೂ ಮಾಹಿತಿ ಕಳುಹಿಸುವ ವ್ಯವಸ್ಥೆ ಕಟ್ಟಿದವರು ನೆರವು ಕೇಳಿ ಕಳುಹಿಸುವ ಸರದಿ ಪಟ್ಟಿಗಳಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಹೆಚ್ಚು ಜನ ಕೇಳುವ ಮಾಹಿತಿಗೆ ಬೇಡಿಕೆಯ ಅಳತೆಯಲ್ಲೇ ಸರದಿ ಹಂಚುವುದು ಮೊದಲನೆಯದು. ಹಾಗೆ ಹಂಚಿದ ಸರದಿಗಳನ್ನು ಒಂದರ ಹಿಂದೆ ಒಂದು ಜೋಡಿಸಿಬಿಡುವುದು ಎರಡನೆಯದು. ಎರಡೂ ಕೇಳಲು ಸರಿಯೆನಿಸುತ್ತವೆ. ಆದರೆ ಇವುಗಳಿಂದ ಟ್ರಾನ್ಸ್‌ಮಿಟರ್ ದಿನವಿಡೀ ದುಡಿದರೂ ಕಾಯುವವರ ಕಾಯುವಿಕೆ ಅಷ್ಟಾಗಿ ತಗ್ಗುವುದಿಲ್ಲ. ಈ ಎರಡು ತಪ್ಪುಗಳಿಗೆ ಎಡೆಯಿಲ್ಲದಂತೆ ಪಟ್ಟಿಯನ್ನು ಮೊದಲಿನಿಂದ ಕಟ್ಟುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ. ಹಂತಗಳ ಅನುಕ್ರಮವನ್ನು ಬದಲಿಸಬೇಡಿ, ಏಕೆಂದರೆ ಪ್ರತಿ ಹಂತದ ಅಂಕಿಯೂ ಅದರ ಹಿಂದಿನ ಹಂತದಿಂದ ಬರುತ್ತದೆ.

ಉದಾಹರಣೆಯಾಗಿ ಲೋರಾ ರೇಡಿಯೊ (ಕಡಿಮೆ ಶಕ್ತಿಯಲ್ಲಿ ಚಿಕ್ಕ ಮಾಹಿತಿಯನ್ನು ಬಹುದೂರ ಕಳುಹಿಸುವ ಬಗೆ) ಬಳಸುವ ಒಂದು ಗ್ರಾಮ ಮಟ್ಟದ ಪ್ರಸಾರವನ್ನು ತೆಗೆದುಕೊಳ್ಳೋಣ. ಕಳುಹಿಸಬೇಕಾದದ್ದು ಒಟ್ಟು 14 ಪುಟ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ ಯಾವ ಹೊತ್ತಿಗೆ ಬರುತ್ತದೆಂಬುದು ಒಂದು ಪುಟ, ಮಳೆಯ ಮುನ್ಸೂಚನೆ ಒಂದು ಪುಟ, ಮಾರುಕಟ್ಟೆ ದರ, ನಾಲೆ ನೀರಿನ ಸರದಿ ಮತ್ತು ರೋಗ-ಕೀಟದ ಸಲಹೆಗಳು ಸೇರಿ ಉಳಿದ 12 ಪುಟ. ರಿಸೀವರ್‌ಗಳಲ್ಲಿ ಎರಡು ಬಗೆಯಿವೆ: ರೈತರು ಬೇಕಾದಾಗ ಮಾತ್ರ ಚಾಲೂ ಮಾಡುವ ಕೈ ಸಾಧನ, ಮತ್ತು ಎಚ್ಚರಿಕೆಗಾಗಿ ಗೋಡೆಯ ಮೇಲೆ ಸದಾ ಚಾಲೂ ಇರುವ ಸಾಧನ. ನಿಮ್ಮಲ್ಲಿರುವುದು ಬೇರೆ ರೇಡಿಯೊ ಆದರೆ ಅಂಕಿಗಳು ಬದಲಾಗುತ್ತವೆ, ಲೆಕ್ಕದ ಬಗೆ ಬದಲಾಗುವುದಿಲ್ಲ.

ಬೇಕಾದ ಸಲಕರಣೆ

ಟ್ರಾನ್ಸ್‌ಮಿಟರ್ ಆಗಿ ಕೆಲಸ ಮಾಡುವ ಒಂದು ಲೋರಾ ಬೋರ್ಡ್, ಕಡಿಮೆಯೆಂದರೆ ಎರಡು ರಿಸೀವರ್ ಬೋರ್ಡ್, ಬಂದ ಪ್ಯಾಕೆಟ್‌ಗಳ ಹೊತ್ತನ್ನು ಬರೆದಿಡಲು ಒಂದು ಲ್ಯಾಪ್‌ಟಾಪ್, ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಮತ್ತು ಮಿಲಿಆಂಪಿಯರ್ ಅಳೆಯುವ ಒಂದು ಮಲ್ಟಿಮೀಟರ್ ಸಾಕು. ಲ್ಯಾಪ್‌ಟಾಪಿಗೆ ಚುಚ್ಚಿ ರೇಡಿಯೊ ಅಲೆಗಳನ್ನು ನೋಡುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಇದ್ದರೆ ಚಾನೆಲ್‌ನಲ್ಲಿ ಇನ್ನಾರಿದ್ದಾರೆಂದು ಕಣ್ಣಿಂದಲೇ ನೋಡಬಹುದು. ಎರಡನೆಯ ರಿಸೀವರ್ ಕೊಳ್ಳುವುದರಲ್ಲಿ ಜಿಪುಣತನ ಬೇಡ. ಒಂದೇ ರಿಸೀವರ್ ಇದ್ದಾಗ ಪ್ಯಾಕೆಟ್ ತಪ್ಪಿದರೆ ದೋಷ ಟ್ರಾನ್ಸ್‌ಮಿಟರ್‌ನದೋ ರಿಸೀವರ್‌ನದೋ ಎಂದು ಹೇಳಲು ದಾರಿಯೇ ಇರುವುದಿಲ್ಲ.

ಹಂತ 1: ತರಂಗಾಂತರದ ನಿಯಮವನ್ನು ಮೊದಲು ಓದಿ

ಭಾರತದಲ್ಲಿ 865–868 ಮೆಗಾಹರ್ಟ್ಸ್ ತರಂಗ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಬಹುದು. ಟ್ರಾನ್ಸ್‌ಮಿಟರ್‌ನ ಶಕ್ತಿ 1 ವ್ಯಾಟ್, ಆಂಟೆನಾ ಸೇರಿ ಹೊರಹೊಮ್ಮುವ ಪರಿಣಾಮಕಾರಿ ಶಕ್ತಿ 4 ವ್ಯಾಟ್ ಮತ್ತು ಕ್ಯಾರಿಯರ್ (ಮಾಹಿತಿ ಹೊರುವ ತರಂಗ) ಅಗಲ 200 ಕಿಲೋಹರ್ಟ್ಸ್ ಮೀರಬಾರದು. ಯುರೋಪಿನ 868 ಮೆಗಾಹರ್ಟ್ಸ್ ಪಟ್ಟಿಯ ಹಲವು ಭಾಗಗಳಲ್ಲಿ ಒಂದು ಸಾಧನ ಶೇ 1ರಷ್ಟು ಹೊತ್ತು ಮಾತ್ರ, ಅಂದರೆ ಗಂಟೆಗೆ 36 ಸೆಕೆಂಡ್ ಮಾತ್ರ, ಪ್ರಸಾರ ಮಾಡಬಹುದು. ಆದ್ದರಿಂದ ಅಲ್ಲಿರುವ ಓದುಗರು ಈ ಲೇಖನದ ಸರದಿ ಪಟ್ಟಿಯನ್ನು ಇದ್ದಂತೆಯೇ ನಕಲು ಮಾಡಿದರೆ ನಿಯಮ ಮುರಿದಂತಾಗುತ್ತದೆ. ಅಂತರಜಾಲದಲ್ಲಿ ಸಿಗುವ ಉದಾಹರಣೆ ಕೋಡ್‌ಗಳಲ್ಲಿ ಬಹುಪಾಲು 868 ಅಥವಾ 915 ಎಂದೇ ಬರೆದಿರುತ್ತದೆ. ಅದನ್ನು ತಿದ್ದದೆ ಬೋರ್ಡಿಗೆ ಏರಿಸುವುದು ನಮ್ಮಲ್ಲಿ ತುಂಬ ಸಾಮಾನ್ಯವಾದ ತಪ್ಪು.

ಹಂತ 2: ಒಂದು ಪುಟ ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆಂದು ಲೆಕ್ಕ ಹಾಕಿ

ಪಟ್ಟಿಯ ಮೂಲಮಾನ ಸ್ಲಾಟ್. ಒಂದು ಪುಟವನ್ನು ಪೂರ್ತಿಯಾಗಿ ಕಳುಹಿಸಲು ಹಿಡಿಯುವ ಹೊತ್ತು, ಅದರ ಜೊತೆಗೆ ಒಂದಿಷ್ಟು ಬಿಡುವು ಸೇರಿದರೆ ಒಂದು ಸ್ಲಾಟ್ ಆಗುತ್ತದೆ. ಲೋರಾದಲ್ಲಿ ಈ ಹೊತ್ತು ಸ್ಪ್ರೆಡಿಂಗ್ ಫ್ಯಾಕ್ಟರ್ (ಇದು ಹೆಚ್ಚಿದಷ್ಟೂ ವೇಗ ಕಡಿಮೆ, ತಲುಪುವ ದೂರ ಹೆಚ್ಚು), ಬ್ಯಾಂಡ್‌ವಿಡ್ತ್ ಮತ್ತು ಬೈಟ್‌ಗಳ ಸಂಖ್ಯೆಯ ಮೇಲೆ ನಿಂತಿರುತ್ತದೆ. ಸ್ಪ್ರೆಡಿಂಗ್ ಫ್ಯಾಕ್ಟರ್ 10, ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್ ಇದ್ದಾಗ ಒಂದು ಸಂಕೇತಕ್ಕೆ 8.192 ಮಿಲಿಸೆಕೆಂಡ್ ಬೇಕು. ಕೋಡಿಂಗ್ ದರ 4/5 (ಪ್ರತಿ ನಾಲ್ಕು ಬಿಟ್‌ಗೆ ತಪ್ಪು ಹಿಡಿಯಲು ಒಂದು ಹೆಚ್ಚುವರಿ ಬಿಟ್) ಮತ್ತು 8 ಸಂಕೇತಗಳ ಪ್ರಿಯಾಂಬಲ್ (ಪ್ಯಾಕೆಟ್ ಬರುತ್ತಿದೆಯೆಂದು ತಿಳಿಸುವ ಮುನ್ನುಡಿ) ಇಟ್ಟುಕೊಂಡರೆ 50 ಬೈಟಿನ ಪ್ಯಾಕೆಟ್ 616 ಮಿಲಿಸೆಕೆಂಡ್ ಗಾಳಿಯಲ್ಲಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅದೇ ಪ್ಯಾಕೆಟ್‌ನಿಂದ ಒಂದೇ ಒಂದು ಬೈಟ್ ಕಡಿಮೆ ಮಾಡಿ 49 ಮಾಡಿದರೆ ಹೊತ್ತು 575 ಮಿಲಿಸೆಕೆಂಡಿಗೆ ಇಳಿಯುತ್ತದೆ. ಲೋರಾ ಬೈಟ್‌ಗಳನ್ನು ಕಟ್ಟುಗಳಾಗಿ ಕಳುಹಿಸುವುದರಿಂದ ಹೊತ್ತು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 50ನೆಯ ಬೈಟ್ ಹೊಸ ಮೆಟ್ಟಿಲನ್ನು ಹತ್ತಿಸಿ 41 ಮಿಲಿಸೆಕೆಂಡ್ ಕಸಿದುಕೊಳ್ಳುತ್ತದೆ. ಆದ್ದರಿಂದ ಪುಟದ ಗಾತ್ರವನ್ನು 50, 64 ಎಂದು ಗುಂಡಾದ ಅಂಕಿಯಲ್ಲಿ ನಿಗದಿಪಡಿಸದೆ, ಗಾತ್ರವನ್ನು ಒಂದೊಂದೇ ಬೈಟ್ ಬದಲಿಸುತ್ತ ಸ್ಪ್ರೆಡ್‌ಶೀಟ್‌ನಲ್ಲಿ ಹೊತ್ತನ್ನು ಬರೆದುಕೊಂಡು, ಮೆಟ್ಟಿಲಿನ ಅಂಚಿಗೆ ಸ್ವಲ್ಪ ಒಳಗೆ ನಿಲ್ಲುವಂತೆ ಆರಿಸಿ. ನಮ್ಮ ಉದಾಹರಣೆಯಲ್ಲಿ ಪುಟ 48 ಬೈಟ್ ಇರಲಿ.

ಸ್ಪ್ರೆಡಿಂಗ್ ಫ್ಯಾಕ್ಟರನ್ನು 7ಕ್ಕೆ ಇಳಿಸಿದರೆ ಇದೇ ಪುಟ 98 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಅಂದರೆ ಸುಮಾರು ಆರನೆಯ ಒಂದು ಭಾಗದಲ್ಲಿ. ಅದಕ್ಕೆ ತೆರುವ ಬೆಲೆ ಸುಮಾರು 7.5 ಡೆಸಿಬಲ್, ಅಂದರೆ ರಿಸೀವರ್‌ಗೆ ಅಷ್ಟು ಹೆಚ್ಚು ಬಲದ ಸಿಗ್ನಲ್ ಬೇಕಾಗುತ್ತದೆ. ಪ್ರಸಾರದಲ್ಲಿ ಎಲ್ಲರಿಗೂ ಒಂದೇ ಪ್ಯಾಕೆಟ್ ಹೋಗುವುದರಿಂದ ಕಟ್ಟಕಡೆಯ ಹೊಲದಲ್ಲಿರುವ ರಿಸೀವರೇ ಇಡೀ ಊರಿನ ವೇಗವನ್ನು ನಿಗದಿಪಡಿಸುತ್ತದೆ. ಹೀಗಾಗಿ ಪಟ್ಟಿಯ ಲೆಕ್ಕಕ್ಕೆ ಕೂರುವ ಮೊದಲು ಆಂಟೆನಾವನ್ನು ಓವರ್‌ಹೆಡ್ ಟ್ಯಾಂಕಿನ ಮೇಲಕ್ಕೋ ಶಾಲೆಯ ಮಹಡಿಗೋ ಏರಿಸಲು ಸಾಧ್ಯವೇ ಎಂದು ನೋಡಿ. ಅಲ್ಲಿ ಗಳಿಸುವ ಕೆಲವು ಡೆಸಿಬಲ್‌ಗಳಿಂದ ಆಗುವ ಲಾಭವನ್ನು ಯಾವ ಜಾಣ ಪಟ್ಟಿಯೂ ತಂದುಕೊಡಲಾರದು.

ಎಚ್ಚರಿಕೆಯ ಗುರುತು: ಬೇಸಿಗೆಯಲ್ಲಿ ಅಳೆದಾಗ ಎಲ್ಲ ಕಡೆ ಸಿಗ್ನಲ್ ಸಿಕ್ಕು, ಕಬ್ಬು ಆಳೆತ್ತರ ಬೆಳೆದ ಮೇಲೆ ಅಥವಾ ಮಳೆಗಾಲದಲ್ಲಿ ಅಡಿಕೆ ತೋಟದ ಒಳಗೆ ಪ್ಯಾಕೆಟ್ ತಪ್ಪತೊಡಗಿದರೆ, ನೀವು ಅಂಚಿಗೆ ತೀರ ಹತ್ತಿರದ ವೇಗವನ್ನು ಆರಿಸಿದ್ದೀರಿ. ಒದ್ದೆ ಎಲೆ ಸಿಗ್ನಲನ್ನು ಹೀರುತ್ತದೆ.

ಹಂತ 3: ಪುಟದೊಳಗೆ ಏನು ತುಂಬಬೇಕೆಂದು ನಿರ್ಧರಿಸಿ

ಕನ್ನಡದಲ್ಲಿ ಮಾಹಿತಿ ಕಳುಹಿಸುವವರು ಈ ಹಂತದಲ್ಲಿ ಹೆಚ್ಚು ಕಾಲ ನಿಲ್ಲಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಸಾಮಾನ್ಯ ಕ್ರಮವಾದ ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ಸ್ವರಚಿಹ್ನೆಗಳಿಗೂ ಅಷ್ಟೇ. ‘ಶಿರಸಿ ಅಡಿಕೆ’ ಎಂದು ಬರೆದರೆ ಐದು ಮತ್ತು ಐದು ಚಿಹ್ನೆ, ನಡುವೆ ಒಂದು ಖಾಲಿ ಜಾಗ, ಒಟ್ಟು 31 ಬೈಟ್. ದರ ಬರೆಯುವ ಮೊದಲೇ 48ರಲ್ಲಿ ಮೂರನೆಯ ಎರಡು ಭಾಗ ಮುಗಿದಿರುತ್ತದೆ.

ಪರಿಹಾರ ಸುಲಭವಾಗಿದೆ. ಮಾರುಕಟ್ಟೆಗಳ ಮತ್ತು ಬೆಳೆಗಳ ಹೆಸರುಗಳನ್ನು ರಿಸೀವರ್‌ನಲ್ಲೇ ಇರಿಸಿ, ಗಾಳಿಯಲ್ಲಿ ಅವುಗಳ ಕ್ರಮಸಂಖ್ಯೆಯನ್ನು ಮಾತ್ರ ಕಳುಹಿಸಿ. ಮಾರುಕಟ್ಟೆಗೆ 1 ಬೈಟ್, ಬೆಳೆಗೆ 1 ಬೈಟ್, ಕನಿಷ್ಠ, ಸಾಮಾನ್ಯ ಮತ್ತು ಗರಿಷ್ಠ ದರಕ್ಕೆ ತಲಾ 2 ಬೈಟ್, ಹೀಗೆ ಒಂದು ಸಾಲು 8 ಬೈಟಿನಲ್ಲಿ ಮುಗಿಯುತ್ತದೆ. 2 ಬೈಟಿನಲ್ಲಿ 65,535ರವರೆಗಿನ ಅಂಕಿ ಮಾತ್ರ ಹಿಡಿಸುತ್ತದೆ. ಕಾಳುಮೆಣಸಿನ ಕ್ವಿಂಟಲ್ ದರ ಅದನ್ನು ದಾಟಬಲ್ಲದಾದ್ದರಿಂದ ದರವನ್ನು ಹತ್ತು ರೂಪಾಯಿಯ ಘಟಕದಲ್ಲಿ ಬರೆಯಿರಿ. ಸಲಹೆಯಂಥ ಬಿಡಿ ವಾಕ್ಯಗಳನ್ನು ಕಳುಹಿಸಲೇಬೇಕಾದರೆ, ಯೂನಿಕೋಡ್‌ನ ಇಡೀ ಕನ್ನಡ ವಿಭಾಗದಲ್ಲಿ ಇರುವುದು 128 ಸ್ಥಾನಗಳು ಮಾತ್ರ ಎಂಬುದನ್ನು ಬಳಸಿಕೊಳ್ಳಿ. ಪ್ರತಿ ಚಿಹ್ನೆಗೂ ನಿಮ್ಮದೇ ಒಂದು ಬೈಟಿನ ಸಂಕೇತ ಕೊಟ್ಟರೆ ಗಾತ್ರ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

48 ಬೈಟಿನ ಹಂಚಿಕೆ ಹೀಗಿರಲಿ: ಪುಟದ ಸಂಖ್ಯೆ, ಅದರ ಆವೃತ್ತಿ, ಈ ಸ್ಲಾಟಿನ ಸ್ಥಾನ ಮತ್ತು ಭಾಗಗಳ ವಿವರಕ್ಕೆ ತಲಾ ಒಂದರಂತೆ 4 ಬೈಟ್, ಪ್ಯಾಕೆಟ್ ನಿಜವಾಗಿಯೂ ನಿಮ್ಮ ಟ್ರಾನ್ಸ್‌ಮಿಟರ್‌ನಿಂದಲೇ ಬಂದಿದೆಯೆಂದು ಖಾತ್ರಿಪಡಿಸುವ ಸಂಕೇತಕ್ಕೆ 4 ಬೈಟ್, ಉಳಿದ 40 ಬೈಟಿನಲ್ಲಿ ಐದು ಸಾಲು. ಆ ಖಾತ್ರಿ ಸಂಕೇತವನ್ನು ಉಳಿತಾಯದ ಹೆಸರಿನಲ್ಲಿ ಬಿಡಬೇಡಿ. ಅದು ಇಲ್ಲದಿದ್ದರೆ ಅಗ್ಗದ ಬೋರ್ಡ್ ಹಿಡಿದ ಯಾರು ಬೇಕಾದರೂ ಸುಳ್ಳು ದರವನ್ನು ನಿಮ್ಮ ಹೆಸರಿನಲ್ಲಿ ಪ್ರಸಾರ ಮಾಡಬಹುದು, ಅದನ್ನು ನಂಬಿ ಮಾಲು ಸಾಗಿಸಿದ ರೈತ ಅದರ ನಷ್ಟವನ್ನು ಹೊರಬೇಕಾಗುತ್ತದೆ. ಆ ಸಂಕೇತವನ್ನು ಪರಿಶೀಲಿಸುವ ಗುಪ್ತ ಕೀಲಿ ಎಲ್ಲ ರಿಸೀವರ್‌ಗಳಲ್ಲೂ ಒಂದೇ ಇದ್ದರೆ ಒಂದು ಸಾಧನವನ್ನು ಬಿಚ್ಚಿದವರ ಕೈಗೆ ಇಡೀ ಊರಿನ ಕೀಲಿ ಸಿಗುತ್ತದೆಂಬುದೂ ನೆನಪಿರಲಿ. ಕೀಲಿ ಬದಲಿಸುವ ದಾರಿಯನ್ನು ಮೊದಲ ದಿನವೇ ಇಟ್ಟುಕೊಳ್ಳಿ.

ಹಂತ 4: ಬೇಡಿಕೆಯನ್ನು ಅಳೆಯಿರಿ, ಊಹಿಸಬೇಡಿ

ಪ್ರತಿ ಪುಟವನ್ನೂ ಎಷ್ಟು ಜನ ತೆರೆಯುತ್ತಾರೆಂಬ ಅಂದಾಜು ಮೇಜಿನ ಮುಂದೆ ಕೂತವರಿಗೆ ಸರಿಯಾಗಿ ಸಿಗುವುದಿಲ್ಲ. ಹಿಂದಿರುಗಿ ಕಳುಹಿಸುವ ಸೌಲಭ್ಯ ರಿಸೀವರ್‌ನಲ್ಲಿ ಇಲ್ಲವೆಂದಾದರೆ, ಯಾವ ಪುಟಕ್ಕೆ ಎಷ್ಟು ಸಲ ಗುಂಡಿ ಒತ್ತಲಾಯಿತೆಂಬ ಎಣಿಕೆಯನ್ನು ಸಾಧನವೇ ಇಟ್ಟುಕೊಳ್ಳಲಿ. ಎರಡು ವಾರ ಎಲ್ಲ ಪುಟಗಳನ್ನೂ ಸಮಾನವಾಗಿ ಪ್ರಸಾರ ಮಾಡಿ, ಆಮೇಲೆ ಹತ್ತಿಪ್ಪತ್ತು ಸಾಧನಗಳ ಎಣಿಕೆಯನ್ನು ಓದಿಕೊಳ್ಳಿ. ಅಸಮಾನ ಪಟ್ಟಿ ಓಡುತ್ತಿರುವಾಗ ಅಳೆದರೆ ಬೇಗ ಸಿಗುವ ಪುಟವನ್ನೇ ಜನ ಹೆಚ್ಚು ಒತ್ತಿರುತ್ತಾರೆ, ಅಂಕಿ ತನ್ನನ್ನೇ ತಾನು ಸಮರ್ಥಿಸಿಕೊಳ್ಳುತ್ತದೆ.

ಲೆಕ್ಕ ಸುಲಭವಾಗಲೆಂದು ನಮ್ಮ ಉದಾಹರಣೆಯಲ್ಲಿ ವಿದ್ಯುತ್ ಸಮಯದ ಪುಟಕ್ಕೆ ಶೇ 36, ಮಳೆಯ ಪುಟಕ್ಕೆ ಶೇ 16, ಉಳಿದ ಹನ್ನೆರಡಕ್ಕೆ ತಲಾ ಶೇ 4 ಬೇಡಿಕೆಯೆಂದು ಇಟ್ಟುಕೊಳ್ಳೋಣ.

ಹಂತ 5: ಸರದಿಯನ್ನು ಬೇಡಿಕೆಯ ವರ್ಗಮೂಲದಂತೆ ಹಂಚಿ

ಇಡೀ ಮಾರ್ಗದರ್ಶಿಯ ತಿರುಳು ಈ ಹಂತ. ಮೂರು ಬಗೆಯ ಹಂಚಿಕೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಪಟ್ಟಿ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓಡಿದರೆ ಒಂದು ಸುತ್ತು. ಎಲ್ಲ 14 ಪುಟಗಳಿಗೂ ಸುತ್ತಿಗೊಂದು ಸರದಿ ಕೊಟ್ಟರೆ ಸುತ್ತು 14 ಸ್ಲಾಟಿನದು; ಯಾವುದೋ ಹೊತ್ತಿಗೆ ಸಾಧನ ಚಾಲೂ ಮಾಡಿದವರು ಸರಾಸರಿ ಅರ್ಧ ಸುತ್ತು, ಅಂದರೆ 7 ಸ್ಲಾಟ್ ಕಾಯುತ್ತಾರೆ. ಈಗ ಬೇಡಿಕೆಗೆ ತಕ್ಕಂತೆ 9, 4 ಮತ್ತು ಹನ್ನೆರಡು ಒಂದೊಂದರಂತೆ ಹಂಚಿದರೆ ಸುತ್ತು 25 ಸ್ಲಾಟಿಗೆ ಬೆಳೆಯುತ್ತದೆ. ವಿದ್ಯುತ್ ಪುಟಕ್ಕೆ ಸರಾಸರಿ ಕಾಯುವಿಕೆ 1.4 ಸ್ಲಾಟಿಗೆ ಇಳಿಯುತ್ತದೆ, ಮಳೆಯ ಪುಟಕ್ಕೆ ಸುಮಾರು 3.1ಕ್ಕೆ ಇಳಿಯುತ್ತದೆ, ಆದರೆ ಉಳಿದ ಹನ್ನೆರಡರಲ್ಲಿ ಪ್ರತಿ ಪುಟಕ್ಕೂ 12.5ಕ್ಕೆ ಏರುತ್ತದೆ. ಬೇಡಿಕೆಯ ತೂಕ ಹಾಕಿ ಸರಾಸರಿ ತೆಗೆದರೆ ಮತ್ತೆ 7 ಸ್ಲಾಟೇ ಬರುತ್ತದೆ. ಇದು ಈ ಅಂಕಿಗಳಲ್ಲಿ ಮಾತ್ರ ಆದ ಆಕಸ್ಮಿಕವಲ್ಲ. ಪುಟಗಳ ಉದ್ದ ಸಮಾನವಾಗಿದ್ದಾಗ, ಬೇಡಿಕೆ ಎಷ್ಟೇ ಓರೆಯಾಗಿದ್ದರೂ, ಬೇಡಿಕೆಯ ಅಳತೆಯ ಹಂಚಿಕೆ ಸಮಾನ ಹಂಚಿಕೆಯಷ್ಟೇ ಸರಾಸರಿ ಕಾಯುವಿಕೆಯನ್ನು ಕೊಡುತ್ತದೆ. ಒಬ್ಬರ ಬಿಡುವನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟಂತಾಯಿತೇ ಹೊರತು ಒಟ್ಟಿನಲ್ಲಿ ಏನೂ ಉಳಿಯಲಿಲ್ಲ.

ಮೂರನೆಯದು ವರ್ಗಮೂಲದ ಹಂಚಿಕೆ. 36, 16, 4 ಇವುಗಳ ವರ್ಗಮೂಲ 6, 4, 2. ಅಂದರೆ 3, 2, 1ರ ಅನುಪಾತ. ವಿದ್ಯುತ್ ಪುಟಕ್ಕೆ ಸುತ್ತಿನಲ್ಲಿ ಮೂರು ಸರದಿ, ಮಳೆಗೆ ಎರಡು, ಉಳಿದವಕ್ಕೆ ಒಂದೊಂದು, ಒಟ್ಟು 17 ಸ್ಲಾಟ್. ಸರದಿಗಳು ಸಮ ಅಂತರದಲ್ಲಿದ್ದರೆ ಸರಾಸರಿ ಕಾಯುವಿಕೆ 5.78 ಸ್ಲಾಟ್. ಸಮ ಅಂತರದ ಯಾವ ಹಂಚಿಕೆಯೂ ಇದಕ್ಕಿಂತ ಕೆಳಗೆ ಇಳಿಯಲಾರದು. ಕಡಿಮೆ ಬೇಡಿಕೆಯ ಪುಟಕ್ಕೂ ಇಲ್ಲಿ ಕಾಯುವಿಕೆ 8.5ಕ್ಕೆ ನಿಲ್ಲುತ್ತದೆ, 12.5ಕ್ಕೆ ಏರುವುದಿಲ್ಲ.

ಪುಟಗಳ ಉದ್ದ ಬೇರೆಬೇರೆಯಾಗಿದ್ದರೆ ಬೇಡಿಕೆಯನ್ನು ಮೊದಲು ಉದ್ದದಿಂದ ಭಾಗಿಸಿ, ಆಮೇಲೆ ವರ್ಗಮೂಲ ತೆಗೆಯಿರಿ. ಶೇ 16 ಬೇಡಿಕೆಯಿರುವ ಸಲಹೆಯೊಂದು ನಾಲ್ಕು ಸ್ಲಾಟ್ ಹಿಡಿಯುವಂಥದ್ದಾದರೆ ಅದಕ್ಕೆ ಸಿಗುವ ಸರದಿ ಶೇ 4 ಬೇಡಿಕೆಯ ಒಂದು ಸ್ಲಾಟಿನ ಪುಟದಷ್ಟೇ. ಈ ಭಾಗಾಕಾರವನ್ನು ಮರೆತವರ ಪಟ್ಟಿಯಲ್ಲಿ ಉದ್ದನೆಯ ಸಲಹೆಗಳೇ ಚಾನೆಲ್ಲನ್ನು ನುಂಗಿ ಕೂತಿರುತ್ತವೆ.

ವರ್ಗಮೂಲಗಳು ಯಾವಾಗಲೂ ಇಷ್ಟು ಸಲೀಸಾಗಿ ಪೂರ್ಣಾಂಕಕ್ಕೆ ಬರುವುದಿಲ್ಲ. ಆಗ ಪುಟಗಳನ್ನು ಮೂರು ಅಥವಾ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಹತ್ತಿರದ ಪೂರ್ಣಾಂಕವನ್ನು ಕೊಡಿ. ಕನಿಷ್ಠದ ಸುತ್ತಮುತ್ತ ಕಾಯುವಿಕೆಯ ರೇಖೆ ಚಪ್ಪಟೆಯಾಗಿರುವುದರಿಂದ ಈ ಸ್ಥೂಲ ಹಂಚಿಕೆಯಿಂದ ಆಗುವ ನಷ್ಟ ತೀರ ಕಡಿಮೆ. ದಶಮಾಂಶದ ಹಿಂದೆ ಬಿದ್ದು ಸುತ್ತನ್ನು ಇನ್ನೂರು ಸ್ಲಾಟಿಗೆ ಬೆಳೆಸುವುದಕ್ಕಿಂತ ಇದು ಎಷ್ಟೋ ಮೇಲು.

ಹಂತ 6: ಸರದಿಗಳನ್ನು ಸಮ ಅಂತರದಲ್ಲಿ ಕೂರಿಸಿ

ಹಿಂದಿನ ಹಂತದಲ್ಲಿ ಗಳಿಸಿದ್ದನ್ನೆಲ್ಲ ಈ ಹಂತದಲ್ಲಿ ಕಳೆದುಕೊಳ್ಳಬಹುದು. ಒಂದು ಪುಟದ ಸರಾಸರಿ ಕಾಯುವಿಕೆಯನ್ನು ಕಂಡುಹಿಡಿಯಲು ಅದರ ಸರದಿಗಳ ನಡುವಿನ ಪ್ರತಿ ಅಂತರವನ್ನೂ ವರ್ಗ ಮಾಡಿ, ಕೂಡಿ, ಸುತ್ತಿನ ಉದ್ದದ ಎರಡರಷ್ಟರಿಂದ ಭಾಗಿಸಿ. ಅಂತರವನ್ನು ವರ್ಗ ಮಾಡುವುದರಿಂದಲೇ ಒಂದು ದೊಡ್ಡ ಖಾಲಿ ಎಲ್ಲ ಲಾಭವನ್ನೂ ತಿಂದುಹಾಕುತ್ತದೆ.

18 ಸ್ಲಾಟಿನ ಸುತ್ತಿನಲ್ಲಿ ವಿದ್ಯುತ್ ಪುಟ 1, 2, 3ನೆಯ ಸ್ಲಾಟುಗಳಲ್ಲಿದ್ದರೆ ಅಂತರಗಳು 1, 1 ಮತ್ತು 16. ಸರಾಸರಿ ಕಾಯುವಿಕೆ 7.17 ಸ್ಲಾಟ್. ಅದೇ ಪುಟ 1, 7, 13ರಲ್ಲಿದ್ದರೆ ಅಂತರ ಮೂರೂ ಕಡೆ 6, ಕಾಯುವಿಕೆ 3 ಸ್ಲಾಟ್. ಸುತ್ತಿಗೆ ಒಂದೇ ಸಲ ಕಳುಹಿಸಿದ್ದರೂ 9 ಆಗುತ್ತಿತ್ತು. ಒಂದರ ಹಿಂದೆ ಒಂದು ಕಳುಹಿಸಿದ ಎರಡು ಹೆಚ್ಚುವರಿ ಸ್ಲಾಟುಗಳು ಹೆಚ್ಚುಕಡಿಮೆ ಪೋಲಾದವೆಂದೇ ಹೇಳಬೇಕು.

17 ಎಂಬುದು ಮೂರರಿಂದಲೂ ಎರಡರಿಂದಲೂ ಭಾಗವಾಗದ ಸಂಖ್ಯೆಯಾದ್ದರಿಂದ ಅದರಲ್ಲಿ ಸಮ ಅಂತರ ಕೂರುವುದಿಲ್ಲ. ಒಂದು ಸ್ಲಾಟ್ ಸೇರಿಸಿ 18 ಮಾಡಿ, ಆ ಹೆಚ್ಚಿನ ಸ್ಲಾಟನ್ನು ಮುಂದಿನ ಹಂತದಲ್ಲಿ ಬರುವ ಸೂಚಿಗೆ, ಅಂದರೆ ಯಾವ ಪುಟ ಬದಲಾಗಿದೆಯೆಂದು ತಿಳಿಸುವ ಚಿಕ್ಕ ಪ್ಯಾಕೆಟಿಗೆ, ಕೊಡೋಣ. ವಿದ್ಯುತ್ ಪುಟ 1, 7, 13ರಲ್ಲಿ; ಮಳೆಯ ಪುಟ 3 ಮತ್ತು 12ರಲ್ಲಿ; ಸೂಚಿ 18ರಲ್ಲಿ; ಉಳಿದ 2, 4, 5, 6, 8, 9, 10, 11, 14, 15, 16, 17 ಈ ಹನ್ನೆರಡು ಸ್ಲಾಟುಗಳಲ್ಲಿ ಹನ್ನೆರಡು ಪುಟ. ಎಲ್ಲ ಅಂತರಗಳೂ ಸಮವಾಗಿವೆ, ಎಲ್ಲೂ ಡಿಕ್ಕಿಯಿಲ್ಲ. ಸರಾಸರಿ ಕಾಯುವಿಕೆ 6.12 ಸ್ಲಾಟ್. ಸೂಚಿಯನ್ನೂ ಸೇರಿಸಿ ಸಮಾನ ಹಂಚಿಕೆ ಮಾಡಿದ್ದರೆ ಅದು 7.5 ಆಗುತ್ತಿತ್ತು.

ಕೂರಿಸುವಾಗ ಯಾವಾಗಲೂ ಅತಿ ಹೆಚ್ಚು ಸರದಿಯಿರುವ ಪುಟದಿಂದ ಆರಂಭಿಸಿ. ಒಂದೊಂದೇ ಸರದಿಯ ಪುಟಗಳು ಎಲ್ಲಿ ಬೇಕಾದರೂ ಕೂರುತ್ತವೆ. ಅವನ್ನು ಮೊದಲು ಕೂರಿಸಿದರೆ ಮೂರು ಸರದಿಯ ಪುಟಕ್ಕೆ ಸರಿಯಾದ ಜಾಗವೇ ಉಳಿದಿರುವುದಿಲ್ಲ.

ಸ್ಲಾಟಿನ ಉದ್ದವನ್ನು ಮೊದಮೊದಲು 1 ಸೆಕೆಂಡ್ ಇಡುವಂತೆ ಸಲಹೆ ಮಾಡುತ್ತೇನೆ. ಪುಟಕ್ಕೆ ಬೇಕಿರುವುದು 575 ಮಿಲಿಸೆಕೆಂಡ್ ಮಾತ್ರವಾದರೂ ಸ್ಲಾಟಿನ ಸಂಖ್ಯೆಯೇ ಸೆಕೆಂಡಿನ ಸಂಖ್ಯೆಯಾದಾಗ ತಪ್ಪು ಹುಡುಕುವುದು ಬಹಳ ಸುಲಭ. ಈ ಅಳತೆಯಲ್ಲೂ ಸುತ್ತಿನ 18 ಸೆಕೆಂಡಿನಲ್ಲಿ ಸುಮಾರು 10 ಸೆಕೆಂಡ್ ನೀವು ಚಾನೆಲನ್ನು ಹಿಡಿದಿರುತ್ತೀರಿ. ಅದು ಪರವಾನಗಿಯಿಲ್ಲದೆ ಎಲ್ಲರೂ ಹಂಚಿಕೊಳ್ಳುವ ಚಾನೆಲ್. ಪಕ್ಕದಲ್ಲಿ ನೀರಿನ ಮೀಟರೋ ಮಣ್ಣಿನ ಸೆನ್ಸರೋ ಕೆಲಸ ಮಾಡುತ್ತಿದ್ದರೆ ನಡುವಿನ ಬಿಡುವು ಅವುಗಳ ಪಾಲೆಂದು ತಿಳಿದು, ಆ ಬಿಡುವನ್ನು ಕಿರಿದು ಮಾಡಲು ಹೋಗಬೇಡಿ.

ಹಂತ 7: ಸೂಚಿ ಸೇರಿಸಿ, ರಿಸೀವರ್‌ಗೆ ನಿದ್ರಿಸಲು ಕಲಿಸಿ

ಇಲ್ಲಿಯವರೆಗಿನ ಲೆಕ್ಕ ಕಾಯುವ ಹೊತ್ತಿನದು. ಇನ್ನೊಂದು ಲೆಕ್ಕ ಬ್ಯಾಟರಿಯದು. ಲೋರಾ ಬೋರ್ಡುಗಳಲ್ಲಿ ಬಳಸುವ ಎಸ್‌ಎಕ್ಸ್1276 ರೇಡಿಯೊ ಚಿಪ್ ಆಲಿಸುವಾಗ 10ರಿಂದ 12 ಮಿಲಿಆಂಪಿಯರ್ ಎಳೆಯುತ್ತದೆ, ನಿದ್ರೆಯಲ್ಲಿ 1 ಮೈಕ್ರೋಆಂಪಿಯರ್‌ಗೂ ಕಡಿಮೆ. 2600 ಮಿಲಿಆಂಪಿಯರ್-ಗಂಟೆಯ ಒಂದು ಕೋಶದ ಮೇಲೆ ರೇಡಿಯೊವನ್ನು ಸದಾ ತೆರೆದಿಟ್ಟರೆ ಹತ್ತು ದಿನಕ್ಕೆ ಮುಗಿಯುತ್ತದೆ. ಅದೇ ರೇಡಿಯೊ ಪ್ರತಿ 18 ಸೆಕೆಂಡಿಗೊಮ್ಮೆ 0.4 ಸೆಕೆಂಡ್ ಎದ್ದು ಸೂಚಿಯನ್ನು ಮಾತ್ರ ಆಲಿಸಿದರೆ ಸರಾಸರಿ ಸುಮಾರು 0.25 ಮಿಲಿಆಂಪಿಯರ್ ಸಾಕು; ರೇಡಿಯೊ ಒಂದನ್ನೇ ಲೆಕ್ಕಕ್ಕೆ ಹಿಡಿದರೆ ಅದೇ ಕೋಶ ಒಂದು ವರ್ಷಕ್ಕೂ ಮೀರಿ ಬರುತ್ತದೆ.

ಸೂಚಿಯ ಪ್ಯಾಕೆಟ್ ಚಿಕ್ಕದಾಗಿರಲಿ. ಸಮಯಕ್ಕೆ 4 ಬೈಟ್, ಯಾವ ಪಟ್ಟಿ ಓಡುತ್ತಿದೆಯೆಂಬುದಕ್ಕೆ 1, ಹದಿನಾಲ್ಕು ಪುಟಗಳ ಆವೃತ್ತಿಗೆ 14, ಎಚ್ಚರಿಕೆಗೆ 1, ಖಾತ್ರಿ ಸಂಕೇತಕ್ಕೆ 4, ಒಟ್ಟು 24 ಬೈಟ್. ಗಾಳಿಯಲ್ಲಿ 371 ಮಿಲಿಸೆಕೆಂಡ್. ಸದಾ ಚಾಲೂ ಇರುವ ಸಾಧನ ಹದಿನಾಲ್ಕೂ ಪುಟಗಳನ್ನು ನೆನಪಿನಲ್ಲಿಟ್ಟುಕೊಂಡು, ಸೂಚಿಯಲ್ಲಿ ಆವೃತ್ತಿ ಬದಲಾದ ಪುಟದ ಸ್ಲಾಟಿಗೆ ಮಾತ್ರ ಏಳುತ್ತದೆ. ಆಗತಾನೆ ಚಾಲೂ ಆದ ಕೈ ಸಾಧನಕ್ಕೆ ಸುತ್ತಿನಲ್ಲಿ ತಾನು ಎಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಅದಕ್ಕಾಗಿಯೇ ಪ್ರತಿ ಪುಟದಲ್ಲೂ ಸ್ಲಾಟಿನ ಸ್ಥಾನವನ್ನು ಬರೆದದ್ದು. ಯಾವುದೇ ಒಂದು ಪ್ಯಾಕೆಟ್ ಕೈಗೆ ಸಿಕ್ಕರೆ ಸಾಕು, ತನಗೆ ಬೇಕಾದ ಪುಟ ಇನ್ನು ಎಷ್ಟು ಸೆಕೆಂಡಿಗೆ ಬರುತ್ತದೆಂದು ತಿಳಿದು ಅಲ್ಲಿಯವರೆಗೆ ಮಲಗುತ್ತದೆ.

ಸುತ್ತು ದೊಡ್ಡದಾಗಿ, ಪುಟಗಳ ಸ್ಥಾನ ಪ್ರತಿ ಸುತ್ತಿನಲ್ಲೂ ಬದಲಾಗುವಂತಿದ್ದರೆ ಸೂಚಿಯನ್ನು ಹಲವು ಸಲ ಕಳುಹಿಸಬೇಕು. ಮಾಹಿತಿಯ ಉದ್ದವನ್ನು ಸೂಚಿಯ ಉದ್ದದಿಂದ ಭಾಗಿಸಿ ವರ್ಗಮೂಲ ತೆಗೆದರೆ ಎಷ್ಟು ಸಲವೆಂದು ತಿಳಿಯುತ್ತದೆ: 400 ಸ್ಲಾಟಿನ ಮಾಹಿತಿಗೆ 4 ಸ್ಲಾಟಿನ ಸೂಚಿಯಿದ್ದರೆ ಸುತ್ತಿಗೆ ಹತ್ತು ಸಲ.

ಎಲ್ಲರೂ ಎಡವುವ ಜಾಗ ಗಡಿಯಾರ. ಸಾಮಾನ್ಯ ಸ್ಫಟಿಕ ದಶಲಕ್ಷಕ್ಕೆ 20 ಭಾಗದಷ್ಟು ತಪ್ಪಬಹುದು. ಟ್ರಾನ್ಸ್‌ಮಿಟರ್ ಒಂದು ಕಡೆಗೆ, ರಿಸೀವರ್ ಇನ್ನೊಂದು ಕಡೆಗೆ ತಪ್ಪಿದರೆ 40 ಭಾಗ. 18 ಸೆಕೆಂಡಿಗೆ ಅದು 1 ಮಿಲಿಸೆಕೆಂಡೂ ಆಗುವುದಿಲ್ಲ, ಆದರೆ ಒಂದು ಗಂಟೆಗೆ 144 ಮಿಲಿಸೆಕೆಂಡ್, ಒಂದು ದಿನಕ್ಕೆ ಸುಮಾರು ಮೂರೂವರೆ ಸೆಕೆಂಡ್. ಆದ್ದರಿಂದ ಪ್ರತಿ ಸೂಚಿಯೂ ಸಿಕ್ಕಾಗ ಗಡಿಯಾರವನ್ನು ತಿದ್ದಿಕೊಳ್ಳಿ, ಸಿಗದೆ ಹೋದಷ್ಟೂ ಸುತ್ತುಗಳಿಗೆ ತಕ್ಕಂತೆ ಏಳುವ ಕಿಟಕಿಯನ್ನು, ಅಂದರೆ ಎದ್ದು ಆಲಿಸುವ ಹೊತ್ತನ್ನು, ಎರಡೂ ಬದಿಗೆ ಅಗಲಿಸುತ್ತ ಹೋಗಿ. ಸಾಧನ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಯ ಹೊತ್ತಿಗೆ ಕಿವುಡಾಗಿ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿದೆಯೆಂದು ಯಾರಾದರೂ ಹೇಳಿದರೆ ಮೊದಲು ಈ ಕಿಟಕಿಯನ್ನೇ ನೋಡಿ.

ಹಂತ 8: ತಪ್ಪುವ ಪ್ಯಾಕೆಟ್‌ಗಳಿಗೆ ಜಾಗ ಮಾಡಿ

ಪ್ರಸಾರದಲ್ಲಿ ‘ಸಿಗಲಿಲ್ಲ, ಮತ್ತೆ ಕಳುಹಿಸಿ’ ಎಂದು ಕೇಳುವವರಿಲ್ಲ. ಸುತ್ತಿಗೊಮ್ಮೆ ಬರುವ ಪುಟ ಶೇ 10ರಷ್ಟು ತಪ್ಪಿದರೆ ಸರಾಸರಿ 2 ಸ್ಲಾಟ್ ಹೆಚ್ಚು ಕಾಯಬೇಕು. ಶೇ 30 ತಪ್ಪಿದರೆ ಸುಮಾರು 8 ಸ್ಲಾಟ್. ಒಂದೇ ಪ್ಯಾಕೆಟಿನ ಪುಟಕ್ಕೆ ಇದನ್ನು ಸಹಿಸಬಹುದು. ನಾಲ್ಕು ಪ್ಯಾಕೆಟಿನ ಸಲಹೆಗೆ ಹಾಗಲ್ಲ: ಶೇ 10 ತಪ್ಪುವ ಚಾನೆಲ್‌ನಲ್ಲಿ ನಾಲ್ಕೂ ಒಂದೇ ಸುತ್ತಿನಲ್ಲಿ ಸಿಗುವ ಸಾಧ್ಯತೆ ಶೇ 66 ಮಾತ್ರ. ನಾಲ್ಕನ್ನೂ ಎಕ್ಸಾರ್ ಮಾಡಿ (ಬಿಟ್‌ಗೆ ಬಿಟ್ ಹೋಲಿಸಿ ಬೆರೆಸುವ ಲೆಕ್ಕ) ಐದನೆಯ ಪ್ಯಾಕೆಟ್ ಕಳುಹಿಸಿದರೆ ಐದರಲ್ಲಿ ಯಾವ ನಾಲ್ಕು ಸಿಕ್ಕರೂ ಸಲಹೆ ಪೂರ್ತಿಯಾಗುತ್ತದೆ, ಸಾಧ್ಯತೆ ಶೇ 92ಕ್ಕೆ ಏರುತ್ತದೆ. ಒಂದು ಸ್ಲಾಟಿಗೆ ಇಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ.

ಇಂಥ ಐದು ಪ್ಯಾಕೆಟ್‌ಗಳನ್ನು ಅಕ್ಕಪಕ್ಕ ಇಡಬೇಡಿ. ಪಂಪ್‌ಸೆಟ್ ಸ್ಟಾರ್ಟರ್ ಎದ್ದಾಗಲೋ ಬೇರೊಬ್ಬರ ಟ್ರಾನ್ಸ್‌ಮಿಟರ್ ಮಾತಾಡಿದಾಗಲೋ ಹಾಳಾಗುವುದು ಒಂದಲ್ಲ, ಸಾಲಾಗಿ ಎರಡು ಮೂರು ಪ್ಯಾಕೆಟ್.

ಹಂತ 9: ಬದಲಾವಣೆಯನ್ನು ಸುತ್ತಿನ ಗಡಿಯಲ್ಲಿ ಮಾತ್ರ ಮಾಡಿ

ಹೊಸ ದರ ಬಂತೆಂದು ಸುತ್ತಿನ ನಡುವೆಯೇ ಪುಟ ಬದಲಿಸಿದರೆ ಸೂಚಿ ಹೇಳಿದ ಆವೃತ್ತಿಗೂ ಬಂದ ಪುಟಕ್ಕೂ ಹೊಂದುವುದಿಲ್ಲ. ಹಲವು ಭಾಗಗಳ ಸಲಹೆಯಲ್ಲಿ ಹಳೆಯ ಭಾಗವೂ ಹೊಸ ಭಾಗವೂ ಸೇರಿಹೋಗುತ್ತವೆ. ನಾನು ಪರಿಶೀಲಿಸಿದ ಒಂದು ವ್ಯವಸ್ಥೆಯಲ್ಲಿ ಔಷಧದ ಹೆಸರು ನಿನ್ನೆಯದು, ಪ್ರಮಾಣ ಇವತ್ತಿನದು ಆಗಿ ಪರದೆಯ ಮೇಲೆ ಬಂದಿತ್ತು. ಸಿಂಪಡಿಸುವ ಮೊದಲು ಒಬ್ಬರು ಅನುಮಾನಿಸಿ ಕೇಳಿದ್ದರಿಂದ ಬೆಳೆ ಉಳಿಯಿತು. ಆವೃತ್ತಿ ಹೊಂದದ ಭಾಗಗಳನ್ನು ರಿಸೀವರ್ ಜೋಡಿಸಲೇಬಾರದು, ಅರೆಬರೆಯಾಗಿ ತೋರಿಸಲೂ ಬಾರದು.

ತುರ್ತು ಎಚ್ಚರಿಕೆ ಬಂದಾಗ ಸೂಚಿಯ ಎಚ್ಚರಿಕೆ ಬೈಟಿನಲ್ಲಿ ಅದು ಬರುವ ಸ್ಲಾಟಿನ ಸಂಖ್ಯೆಯನ್ನು ಬರೆದು, ಒಂದು ಸರದಿಯ ಪುಟವೊಂದನ್ನು ಆ ಸುತ್ತಿಗೆ ಪಕ್ಕಕ್ಕಿಡಿ. ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಪುಟವನ್ನು ಪಕ್ಕಕ್ಕಿಡದಿದ್ದರೆ ಒಂದೇ ಪುಟ ಗಂಟೆಗಟ್ಟಲೆ ಕಾಣೆಯಾಗುತ್ತದೆ. ಬೆಳಗಿನ ಮತ್ತು ಮಧ್ಯಾಹ್ನದ ಬೇಡಿಕೆ ಬೇರೆಯಾಗಿದ್ದರೆ ಎರಡು ಪಟ್ಟಿ ಇಟ್ಟುಕೊಳ್ಳಿ, ಬದಲಾಗುವ ಸುದ್ದಿಯನ್ನು ಒಂದು ಸುತ್ತು ಮೊದಲೇ ಸೂಚಿಯಲ್ಲಿ ಹೇಳಿ.

ರಿಸೀವರ್‌ಗಳು ಬೇಡಿಕೆಯನ್ನು ಹಿಂದಿರುಗಿ ಕಳುಹಿಸಬಲ್ಲವಾದರೆ ಕೆಲವು ಸ್ಲಾಟುಗಳನ್ನು ಬೇಡಿಕೆಗೇ ಮೀಸಲಿಡಬಹುದು. ಆಗ ಕೇಳಿದವರ ಸಂಖ್ಯೆಯನ್ನು, ಅವರಲ್ಲಿ ಮೊದಲು ಕೇಳಿದವರು ಕಾದ ಹೊತ್ತಿನಿಂದ ಗುಣಿಸಿ, ಗುಣಲಬ್ಧ ಹೆಚ್ಚಿರುವ ಪುಟವನ್ನು ಮೊದಲು ಕಳುಹಿಸಿ. ಎಂಟು ಜನ ಕೇಳಿ 3 ಸೆಕೆಂಡ್ ಕಾದ ಪುಟದ ಗುಣಲಬ್ಧ 24. ಇಬ್ಬರು ಕೇಳಿ 15 ಸೆಕೆಂಡ್ ಕಾದದ್ದು 30, ಅದೇ ಮುಂದೆ ಹೋಗಲಿ. ಕೇಳಿದವರ ಸಂಖ್ಯೆಯನ್ನಷ್ಟೇ ನೋಡಿದರೆ ಆ ಇಬ್ಬರ ಸರದಿ ಎಂದೂ ಬಾರದೆ ಹೋಗಬಹುದು.

ಹಂತ 10: ಒಂದು ದಿನ ಪೂರ್ತಿ ಅಳೆದು ನೋಡಿ

ಎರಡು ರಿಸೀವರ್‌ಗಳಲ್ಲಿ ಒಂದನ್ನು ಟ್ರಾನ್ಸ್‌ಮಿಟರ್ ಪಕ್ಕದಲ್ಲೂ ಇನ್ನೊಂದನ್ನು ಕಟ್ಟಕಡೆಯ ಹೊಲದಲ್ಲೂ ಇಟ್ಟು, ಪ್ರತಿ ಪ್ಯಾಕೆಟ್ ಬಂದ ಹೊತ್ತನ್ನು 24 ಗಂಟೆ ಬರೆದುಕೊಳ್ಳಿ. ಪ್ರತಿ ಪುಟದ ಸತತ ಎರಡು ಪ್ರತಿಗಳ ನಡುವಿನ ಅಂತರವನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆಗೆದು, 6ನೆಯ ಹಂತದ ಸೂತ್ರದಿಂದ ನಿಜವಾದ ಕಾಯುವಿಕೆಯನ್ನು ಲೆಕ್ಕ ಹಾಕಿ. ಸರಾಸರಿಯನ್ನು ಮಾತ್ರ ನೋಡಿ ತೃಪ್ತರಾಗಬೇಡಿ. ಪ್ರತಿ ಪುಟಕ್ಕೂ ದಿನದಲ್ಲಿ ಬಂದ ಅತಿ ದೊಡ್ಡ ಅಂತರ ಯಾವುದೆಂದು ಬರೆದಿಡಿ, ದೂರು ಬರುವುದು ಅಲ್ಲಿಂದಲೇ.

ಪಕ್ಕದ ರಿಸೀವರ್‌ನಲ್ಲೂ ಪ್ಯಾಕೆಟ್ ತಪ್ಪುತ್ತಿದ್ದರೆ ದೋಷ ಟ್ರಾನ್ಸ್‌ಮಿಟರ್‌ನದು ಅಥವಾ ಅದರ ವಿದ್ಯುತ್ ಪೂರೈಕೆಯದು. ದೂರದಲ್ಲಿ ಮಾತ್ರ ಬಿಡಿಬಿಡಿಯಾಗಿ ತಪ್ಪುತ್ತಿದ್ದರೆ ಸಿಗ್ನಲ್ ಸಾಲದು, 2ನೆಯ ಹಂತಕ್ಕೆ ಹಿಂತಿರುಗಿ. ದೂರದಲ್ಲಿ ಅದೇ ಪುಟ ಮತ್ತೆ ಮತ್ತೆ ತಪ್ಪಿ ಉಳಿದವು ಚೆನ್ನಾಗಿ ಬರುತ್ತಿದ್ದರೆ, ನಿಮ್ಮ ಸುತ್ತಿನ ತಾಳಕ್ಕೆ ಸರಿಯಾಗಿ ಬೇರೊಂದು ಸಾಧನ ಅದೇ ಚಾನೆಲ್‌ನಲ್ಲಿ ಮಾತಾಡುತ್ತಿದೆಯೆಂದು ಅರ್ಥ. ಆಗ ಶಕ್ತಿ ಹೆಚ್ಚಿಸಲು ಹೋಗದೆ, ಒಂದು ಸರದಿಯ ಪುಟಗಳನ್ನು ಪ್ರತಿ ಸುತ್ತಿನಲ್ಲೂ ಒಂದೊಂದು ಸ್ಥಾನ ಮುಂದಕ್ಕೆ ಸರಿಸುವಂತೆ ಪಟ್ಟಿಯನ್ನು ಬದಲಿಸಿ, ಎಷ್ಟು ಸ್ಥಾನ ಸರಿದಿದೆಯೆಂಬುದನ್ನು ಸೂಚಿಯ ಪಟ್ಟಿ ಸಂಖ್ಯೆಯಲ್ಲಿ ಬರೆದು, ಇನ್ನೊಂದು ದಿನ ಅಳೆಯಿರಿ.